ಹೊಸ ಕ್ಯಾಮೆರಾದಲ್ಲಿ ಮೊದಲನೇ ಫೋಟೋಗೇ 4318 ನಂಬರ್ ಬಂತು, ಇದು ಹೊಸದಾ ಅಲ್ವಾ?

ಬೆಣ್ಣೆದೋಸೆ
ನಮಸ್ಕಾರ ಎಲ್ರಿಗೂ. ಬೇಗ ಉತ್ರ ಬೇಕು, ಬರೋ ಭಾನುವಾರ ಹರಿಹರದಲ್ಲಿ ಒಂದು ಮದುವೆ ಒಪ್ಕೊಂಡಿದೀನಿ.

ನಾನು ದಾವಣಗೆರೆಯವನು, ಮದುವೆ ನಾಮಕರಣ ಗೃಹಪ್ರವೇಶ ಎಲ್ಲಾ ಮಾಡ್ತೀನಿ, ಇಷ್ಟು ವರ್ಷ ನಿಕಾನ್ ಡಿ750 ಒಂದನ್ನೇ ನಂಬ್ಕೊಂಡು ಬಂದಿದ್ದು. 2024ರಲ್ಲಿ ನಿಕಾನ್‌ದೇ ಝಡ್ ಸಿಕ್ಸ್ ತ್ರೀ ಬಂದ್ಮೇಲೆ ಅದರ ಹಿಂದಿನ ಮಾಡೆಲ್ ಝಡ್ ಸಿಕ್ಸ್ ಟೂ ರೇಟ್ ಇಳಿಯುತ್ತೆ ಅಂತ ಕಾಯ್ತಾನೇ ಇದ್ದೆ, ಕೊನೆಗೂ ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಹತ್ರ 24-70 ಎಫ್/4 ಲೆನ್ಸ್ ಸಮೇತ ಬೇರೆ ಕಡೆಗಿಂತ 11,000 ಕಮ್ಮಿಗೆ ಕಾಣ್ತು, ಹೆಂಡ್ತಿ ಬೇಡ ಬೇಡ ಅಂದ್ರೂ ಆರ್ಡರ್ ಹೊಡ್ದೆ. ನಿನ್ನೆ ಸಂಜೆ ಬಂತು. ಬಾಕ್ಸಿಗೆ ಸೀಲ್ ಅನ್ನೋದೇ ಇಲ್ಲ, ಮುಚ್ಚಳ ಹಂಗೇ ತಕ್ಕೊಂತು. ಸರಿ ಇರ್ಲಿ ಅಂತ ಚಾರ್ಜ್ ಮಾಡಿ ಕಾರ್ಡ್ ಹಾಕಿ ತುಳಸಿಕಟ್ಟೆದು ಒಂದು ಫೋಟೋ ತೆಗ್ದೆ, ಕಂಪ್ಯೂಟರಿಗೆ ಹಾಕಿ ನೋಡ್ತೀನಿ, ಫೈಲ್ ಹೆಸ್ರು ಡಿಎಸ್‌ಸಿ_4318! ಎದೆ ಧಸಕ್ ಅಂತು. ಆನ್ ಮಾಡಿದಾಗ ಡೇಟು ಟೈಮು ಸೆಟ್ ಮಾಡು ಅಂತ ಕೇಳಿತ್ತು, ಅದೊಂದೇ ಸಮಾಧಾನ. ಇದು ನಿಜವಾಗ್ಲೂ ಹೊಸದಾ? ಹೆಂಗೆ ತಿಳ್ಕೊಳ್ಳೋದು?

ಬೆಂಗಳೂರು ಮಳೆ
ಗುರು 4318 ಅಂದ್ರೆ ಯಾರೋ ಆಗ್ಲೇ ಮೂರು ಮದುವೆ ಮುಗ್ಸಿದಾರೆ ಅದ್ರಲ್ಲಿ 😂 ಪಕ್ಕಾ ಸೆಕೆಂಡ್ ಹ್ಯಾಂಡು. ಒಂದು ಸ್ಟಾರ್ ಕೊಟ್ಟು ರಿಟರ್ನ್ ಹಾಕು, ಯೋಚ್ನೆ ಮಾಡೋಕೇನಿದೆ.

ಕತ್ತಲೆಕೋಣೆ
ಸ್ವಲ್ಪ ತಡೀರಪ್ಪ. ಹಾಕಿದ ಮೆಮೊರಿ ಕಾರ್ಡು ಹೊಸದಾ, ಹಳೇದಾ?

ಬೆಣ್ಣೆದೋಸೆ
ಹಳೇದು ಸರ್, ಡಿ750ದೇ. ಫಾರ್ಮ್ಯಾಟ್ ಕೂಡ ಮಾಡಿರ್ಲಿಲ್ಲ, ಹೋದ ತಿಂಗಳ ಸೀಮಂತದ ಫೋಟೋ ಇನ್ನೂ ಅದ್ರಲ್ಲೇ ಇದಾವೆ.

ಕತ್ತಲೆಕೋಣೆ
ಹಂಗಾದ್ರೆ ಆ ಸೀಮಂತದ ಕೊನೇ ಫೋಟೋ ನಂಬರ್ ನೋಡಿ. 4317 ಇರುತ್ತೆ, ಬೇಕಿದ್ರೆ ಬೆಟ್ ಕಟ್ತೀನಿ.

ನಿಕಾನ್ ಆಗ್ಲಿ ಕ್ಯಾನನ್ ಆಗ್ಲಿ, ಕಾರ್ಡಿನಲ್ಲಿ ಮೊದ್ಲೇ ಫೋಟೋ ಇದ್ರೆ ಅದರ ದೊಡ್ಡ ನಂಬರ್ ಹಿಡ್ಕೊಂಡು ಅಲ್ಲಿಂದ ಮುಂದಕ್ಕೆ ಎಣಿಸ್ಕೊಂಡು ಹೋಗುತ್ತೆ. ಫೈಲ್ ಹೆಸರು ಬರೀ ಹೆಸರು. 9999 ದಾಟಿದ್ರೆ ಮತ್ತೆ 0001ಕ್ಕೆ ಬರುತ್ತೆ, ಮೆನುವಿನಲ್ಲಿ ರೀಸೆಟ್ ಒತ್ತಿದ್ರೂ ಬರುತ್ತೆ. ಅಂದ್ರೆ ಲಕ್ಷ ಫೋಟೋ ತೆಗೆದ ಕ್ಯಾಮೆರಾನೂ 0001 ತೋರಿಸ್ಬಹುದು, ನಿನ್ನೆ ಡಬ್ಬಿಯಿಂದ ತೆಗೆದಿದ್ದೂ 4318 ತೋರಿಸ್ಬಹುದು. ಡೇಟ್ ಕೇಳಿದ್ದನ್ನೂ ನಂಬಬೇಡಿ. ಗಡಿಯಾರಕ್ಕೆ ಒಳಗೆ ಬೇರೆ ಪುಟ್ಟ ಬ್ಯಾಟರಿ ಇರುತ್ತೆ, ಅದು ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಆಗೋದು, ಒಂದಷ್ಟು ತಿಂಗಳು ಬ್ಯಾಟರಿ ಹಾಕದೆ ಬೀರುವಿನಲ್ಲಿ ಇಟ್ರೆ ಹತ್ತು ವರ್ಷದ ಕ್ಯಾಮೆರಾನೂ ಟೈಮ್ ಮರ್ತುಬಿಟ್ಟು ಕೇಳುತ್ತೆ.

ಬೆಣ್ಣೆದೋಸೆ
ಸರ್ 4317ಏ ಇದೆ!! ಕಾಲಿಗೆ ಬೀಳ್ತೀನಿ. ರಾತ್ರಿ ಇಡೀ ನಿದ್ದೆ ಮಾಡಿಲ್ಲ ನಾನು.

ಫೇಡಾ ಪ್ರಿಯ
ಸೀಲ್ ಇಲ್ಲಂತ ಅಂಜಬ್ಯಾಡ್ರಿ. ನಿಕಾನ್ ಡಬ್ಬಿ ಸೀಲ್ ಇರಲಾರದ ಬರೋದು ನಾ ಭಾಳ ಸಲ ನೋಡೇನಿ. ಮತ್ತ ಸೀಲ್ ಐತಿ ಅಂದಕೂಡ್ಲೆ ಹೊಸಾದು ಅಂತನೂ ಅಲ್ರಿ, ಗೋಲ್ ಸ್ಟಿಕ್ಕರ್ ರೋಲ್‌ಗಟ್ಲೆ ಸಿಗತಾವ, ಹಚ್ಚಾಕ ಎಷ್ಟೊತ್ತು. ಡಬ್ಬಿಗಿಂತ ಒಳಗಿಂದು ನೋಡ್ರಿ. ಕೇಬಲ್ ಸುತ್ತಿದ ತಂತಿ ಫ್ಯಾಕ್ಟರಿ ಮಡಿಕಿ ಹಂಗ ಐತೋ ಇಲ್ಲೋ, ಪಟ್ಟಿ (ಕೊಳ್ಳಾಗ ಹಾಕೋದು) ಕವರಿನಿಂದ ಹೊರಗ ಬಂದು ಮತ್ತ ಒಳಗ ಹೋಗೇತೇನು. ಆ ಪಟ್ಟಿ ಒಮ್ಮೆ ಬಿಚ್ಚಿದ್ರ ಮತ್ತ ಅದ ಥರ ಮಡಚಾಕ ದೇವರಿಗೂ ಬರಂಗಿಲ್ಲ.

ಮಂಗಟ್ಟೆ
ಸಮಾಧಾನ ಆಗಿದ್ದು ಒಳ್ಳೇದು, ಆದ್ರೆ ಪರೀಕ್ಷೆ ಇನ್ನೂ ಮುಗಿದಿಲ್ಲ. 4318 ಕಾರ್ಡಿಂದು ಅಂತ ಗೊತ್ತಾಯ್ತು, ಕ್ಯಾಮೆರಾದ್ದು ಎಷ್ಟು ಅಂತ ಯಾರೂ ನೋಡಿಲ್ವಲ್ಲ.

ನಿಕಾನ್‌ನಲ್ಲಿ ಇದು ಸಲೀಸು. ಪ್ರತಿ ಫೋಟೋ ಒಳಗೂ ಶಟರ್ (ಫೋಟೋ ತೆಗೆಯೋವಾಗ ತೆರೆದು ಮುಚ್ಚೋ ಪರದೆ) ಎಷ್ಟು ಸಲ ಬಡೀತು ಅನ್ನೋ ಲೆಕ್ಕ ಬರೆದಿರುತ್ತೆ. ಎಕ್ಸಿಫ್‌ಟೂಲ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದಕ್ಕೆ ಫೈಲ್ ಕೊಟ್ರೆ ಶಟರ್ ಕೌಂಟ್ ಅಂತ ಒಂದು ಸಾಲು ತೋರಿಸುತ್ತೆ. ಬ್ರೌಸರಲ್ಲಿ ಫೋಟೋ ಹಾಕಿ ನೋಡೋ ಸೈಟ್‌ಗಳೂ ಇವೆ, ಮನೆ ಮಂದಿ ಫೋಟೋ ಮಾತ್ರ ಹಾಕ್ಬೇಡಿ, ಗೋಡೆದು ತೆಗೆದು ಹಾಕಿ. ಕ್ಯಾಮೆರಾದಿಂದ ನೇರ ಬಂದ ಫೈಲೇ ಆಗ್ಬೇಕು, ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದ್ರಲ್ಲಿ ಆ ಸಾಲು ಹಾರಿಹೋಗಿರುತ್ತೆ.

ಬೆಣ್ಣೆದೋಸೆ
ಕಂಪ್ಯೂಟರ್ ನಂಗೆ ಅಷ್ಟಕ್ಕಷ್ಟೇ. ಅಳಿಯನಿಗೆ ವಾಟ್ಸಾಪಲ್ಲಿ ಫೋಟೋ ಕಳ್ಸಿದ್ದೆ ಚೆಕ್ ಮಾಡು ಅಂತ, ಏನೂ ಬರ್ತಿಲ್ಲ ಮಾವ ಅಂದ. ಲೆಕ್ಕ ಅಳಿಸಿಬಿಟ್ಟಿದಾರಾ ಹಾಗಾದ್ರೆ?

ಮಂಗಟ್ಟೆ
ಅಯ್ಯೋ, ಇಲ್ಲ. ವಾಟ್ಸಾಪ್ ಫೋಟೋನ ಹಿಂಡಿ ಚಿಕ್ಕದು ಮಾಡೋವಾಗ ಒಳಗಿನ ಮಾಹಿತಿನೆಲ್ಲಾ ಕಿತ್ತು ಬಿಸಾಕುತ್ತೆ. ಫೋಟೋ ಥರ ಅಲ್ಲ, ಡಾಕ್ಯುಮೆಂಟ್ ಅಂತ ಕಳ್ಸಿ.

ಬೆಣ್ಣೆದೋಸೆ
ಕಳ್ಸಿದೆ. ಬಂತು.

3,876.

ಇದೂ ಕಾರ್ಡ್ ನಂಬರ್ ತಾನೇ?? ಯಾರಾದ್ರೂ ಅಲ್ಲ ಅನ್ನಬೇಡ್ರಪ್ಪ.

ಮಂಗಟ್ಟೆ
ಅಲ್ಲ. ಇದು ಕ್ಯಾಮೆರಾದ್ದೇ. ಬೇಜಾರಾಯ್ತು ನೋಡಿ.

ಬೆಂಗಳೂರು ಮಳೆ
ನಾನು ಮೊದ್ಲೇ ಹೇಳ್ಲಿಲ್ವಾ. ಕಾರಣ ತಪ್ಪಿತ್ತು, ಉತ್ತರ ಸರಿ ಇತ್ತು 😎

ಬೆಣ್ಣೆದೋಸೆ
ಸೆಲ್ಲರ್‌ಗೆ ಮೆಸೇಜ್ ಹಾಕಿದ್ದಕ್ಕೆ ಐದೇ ನಿಮಿಷದಲ್ಲಿ ಉತ್ತರ: "ಸರ್ ಫ್ಯಾಕ್ಟರಿ ಟೆಸ್ಟಿಂಗ್, ಎಲ್ಲಾ ಪೀಸಲ್ಲೂ ಹಂಗೇ ಬರುತ್ತೆ." ಹೌದಾ ಇದು?

ಕತ್ತಲೆಕೋಣೆ
ಫ್ಯಾಕ್ಟರೀಲಿ ಟೆಸ್ಟ್ ಮಾಡೋದು ಹೌದು. ಅದಕ್ಕೇ ಹೊಸ ಕ್ಯಾಮೆರಾದಲ್ಲಿ ಸೊನ್ನೆ ಇರ್ಲಿಲ್ಲ ಅಂತ ಗಲಾಟೆ ಮಾಡೋರಿಗೆ ನಾನು ಸುಮ್ನಿರಿ ಅಂತೀನಿ, ಐದೋ ಹತ್ತೋ ಇಪ್ಪತ್ತೋ ಇದ್ದೇ ಇರುತ್ತೆ, ಕೆಲವು ಸಲ ಇನ್ನೂ ಒಂದಿಷ್ಟು ಜಾಸ್ತಿ. ಆದ್ರೆ ಮೂರು ಸಾವಿರದ ಎಂಟುನೂರು ಚಿಲ್ಲರೆ ಟೆಸ್ಟ್ ಮಾಡೋಕೆ ಆ ಫ್ಯಾಕ್ಟರಿಯವರು ಮದುವೆ ಒಪ್ಕೊಂಡಿರ್ಬೇಕು.

ನನ್ನ ಅಂದಾಜು ಹೇಳ್ತೀನಿ. ಇದು ಅಂಗಡಿ ಕೌಂಟರ್ ಮೇಲೆ ಇಟ್ಟಿದ್ದ ಡೆಮೋ ಪೀಸು. ಹೊಸ ಮಾಡೆಲ್ ಬಂದಾಗ ಹಳೇದರ ಡೆಮೋ ಪೀಸ್‌ಗಳು ಎಲ್ಲಿಗೆ ಹೋಗ್ತಾವೆ ಅಂದ್ಕೊಂಡ್ರಿ? ಒರೆಸಿ ಡಬ್ಬಿಗೆ ಹಾಕ್ತಾರೆ. ಬಂದೋರೆಲ್ಲಾ ಸ್ಪೀಡ್ ನೋಡೋಣ ಅಂತ ಬಟನ್ ಒತ್ತಿ ಹಿಡೀತಾರೆ, ಸಿಕ್ಸ್ ಟೂ ಸೆಕೆಂಡಿಗೆ 14 ಹೊಡೆಯುತ್ತೆ, ನಾಲ್ಕು ಸಾವಿರ ಆಗೋಕೆ ಬಹಳ ದಿನ ಬೇಡ. ಈ ಕೆಳಗಿಂದು ನೋಡಿ ಹೇಳಿ: ಫ್ಲ್ಯಾಶ್ ಕೂರಿಸೋ ಹಳಿಯಲ್ಲಿ ಕಪ್ಪು ಬಣ್ಣ ಗೀಚಿ ಬಿಳಿ ಲೋಹ ಕಾಣ್ತಿದೆಯಾ, ತಳದಲ್ಲಿ ಟ್ರೈಪಾಡ್ ಪ್ಲೇಟಿನ ಉಜ್ಜಿದ ಗುರುತು ಇದೆಯಾ, ಲೆನ್ಸ್ ಕೂರೋ ಲೋಹದ ಬಳೆ ಮೇಲೆ ಸುತ್ತು ಗೆರೆ ಇದಾವಾ, ಬ್ಯಾಟರಿ ಹಿತ್ತಾಳೆ ಕಾಲುಗಳಲ್ಲಿ ಗೀರು ಇದೆಯಾ. ಟಾರ್ಚ್ ಹಿಡ್ಕೊಂಡು ಅಡ್ಡಡ್ಡ ಬೆಳಕಲ್ಲಿ ನೋಡಿ, ನೇರ ಬೆಳಕಲ್ಲಿ ಕಾಣಲ್ಲ.

ನಮ್ಮ ಕಾಲದಲ್ಲಿ ಈ ಲೆಕ್ಕ ಗಿಕ್ಕ ಎಲ್ಲಿತ್ತು. ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಯಾರಾದ್ರೂ ಮಾರೋಕೆ ತಂದ್ರೆ ಹಿಂದಿನ ಬಾಗಿಲು ತೆಗೆದು ಫಿಲ್ಮ್ ಒತ್ತೋ ತಗಡಿನ ಮೇಲೆ ಎಷ್ಟು ಗೀರು ಬಿದ್ದಿದಾವೆ ಅಂತ ನೋಡ್ತಿದ್ವಿ, ಮೂಲೆಗಳಲ್ಲಿ ಕಪ್ಪು ಹೋಗಿ ಹಿತ್ತಾಳೆ ಇಣುಕ್ತಿದ್ರೆ ಪ್ರೆಸ್ಸಿನವರದ್ದು ಅಂತ ಹೇಳ್ತಿದ್ವಿ.

ಕಡಲತಡಿ
ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಕೂಡ ನೋಡಿ ಮಾರಾಯ್ರೆ. ಎಫ್/16 ಇಟ್ಟು (ಅಂದ್ರೆ ಲೆನ್ಸಿನ ತೂತು ಚಿಕ್ಕದು ಮಾಡಿ) ಬಿಳಿ ಗೋಡೆಯದ್ದೋ ಆಕಾಶದ್ದೋ ಒಂದು ಫೋಟೋ, ಫೋಕಸ್ ಬೇಕಂತಲೇ ತಪ್ಪಿಸಿ. ಕಪ್ಪು ಚುಕ್ಕಿ ರಾಶಿ ಉಂಟಾದ್ರೆ ಲೆನ್ಸ್ ತುಂಬಾ ಸರ್ತಿ ಬಿಚ್ಚಿ ಹಾಕಿದ್ದಾರೆ ಅಂತ ಲೆಕ್ಕ. ಆದ್ರೆ ಅದೊಂದನ್ನೇ ಹಿಡ್ಕೊಂಡು ಜಗಳಕ್ಕೆ ಹೋಗ್ಬೇಡಿ. 2012ರ ಡಿ600 ನೆನಪುಂಟಾ? ಹೊಚ್ಚ ಹೊಸ ಕ್ಯಾಮೆರಾದಲ್ಲೇ ಸೆನ್ಸರಿಗೆ ಚುಕ್ಕಿ ಹಾರ್ತಿತ್ತು, ಕಂಪನಿಯೇ ಒಪ್ಪಿಕೊಂಡು ನೋಟಿಸ್ ಕೊಟ್ಟದ್ದು, ಮರುವರ್ಷ ಡಿ610 ಬಂತು. ಆಗ ನನ್ನ ದೋಸ್ತಿಯೊಬ್ಬ ಅಂಗಡಿಯವನತ್ರ ಇದು ಹಳೇದು ಅಂತ ಹೊಡೆದಾಟಕ್ಕೇ ಹೋಗಿದ್ದ, ಪಾಪ ಅಂಗಡಿಯವನದ್ದು ಎಂತದೂ ತಪ್ಪಿರ್ಲಿಲ್ಲ.

ಮತ್ತೆ ಒಂದು, ಶಟರ್ ಲೆಕ್ಕ ಕಮ್ಮಿ ಉಂಟು ಅಂತ ಮಿರರ್‌ಲೆಸ್‌ನಲ್ಲಿ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ನಿಮ್ಮ ಸಿಕ್ಸ್ ಟೂ ಹಾಗೆ) ಕಣ್ಣು ಮುಚ್ಚಿ ನಂಬ್ಲಿಕ್ಕಿಲ್ಲ. ವಿಡಿಯೋ ಎಷ್ಟು ಗಂಟೆ ಓಡಿದೆ ಅಂತ ಅದ್ರಲ್ಲಿ ಬರುದಿಲ್ಲ. ನಿಕಾನಿನ ಝಡ್8 ಝಡ್9ಗೆ ಮೆಕ್ಯಾನಿಕಲ್ ಶಟರ್ರೇ ಇಲ್ಲ. ನಾನು ವಿಡಿಯೋ ಮಾಡುವವ, ಹಾಗಾಗಿ ಮೊದಲು ನೋಡುದು ಮೈಕ್ ತೂತು, ಎಚ್‌ಡಿಎಂಐ ತೂತು, ಅದರ ರಬ್ಬರ್ ಬಾಗಿಲು. ಆ ರಬ್ಬರ್ ಸಡಿಲ ಆಗಿ ನೇತಾಡ್ತಾ ಉಂಟಾದ್ರೆ ಕೌಂಟ್ 50 ಇದ್ರೂ ನಂಗೆ ಬೇಡ.

ಹೊಸಬ ಹಾಸನ
ನಾನು ಕ್ಯಾನನ್ನು, ನಂದೂ ನೋಡ್ಕೊಳ್ಳೋಣ ಅಂತ ಎಕ್ಸಿಫ್‌ಟೂಲ್ ಹಾಕಿದ್ರೆ ಆ ಸಾಲೇ ಬರ್ತಿಲ್ಲ?

ಮಂಗಟ್ಟೆ
ಕ್ಯಾನನ್ ಹೆಚ್ಚಿನ ಮಾಡೆಲ್‌ಗಳಲ್ಲಿ ಫೋಟೋ ಒಳಗೆ ಬರೆಯಲ್ಲ. ಯುಎಸ್‌ಬಿ ಕೇಬಲ್ ಹಾಕಿ ಕ್ಯಾಮೆರಾದಿಂದಲೇ ಓದೋ ಸಾಫ್ಟ್‌ವೇರ್‌ಗಳಿವೆ, ಎಲ್ಲಾ ಮಾಡೆಲ್‌ಗೂ ಆಗಲ್ಲ, ಇಲ್ಲಾಂದ್ರೆ ಸರ್ವಿಸ್ ಸೆಂಟರೇ ಗತಿ. ಸೋನಿ, ಪೆಂಟ್ಯಾಕ್ಸ್‌ದು ಸುಮಾರು ಮಾಡೆಲ್ ಎಕ್ಸಿಫ್‌ಟೂಲೇ ಓದುತ್ತೆ.

ಬೆಣ್ಣೆದೋಸೆ
ಟಾರ್ಚ್ ಬಿಟ್ಟು ನೋಡಿದೆ ಸರ್. ತಳ ಕ್ಲೀನ್. ಫ್ಲ್ಯಾಶ್ ಹಳೀಲಿ ಒಂದು ಕಡೆ ಕೂದಲೆಳೆಯಷ್ಟು ಗೀರು. ಬಳೆ ಮೇಲೆ ಸುತ್ತು ಗೆರೆ ಇದಾವೆ, ಆದ್ರೆ ನಾನೇ ನಿನ್ನೆಯಿಂದ ಹತ್ತು ಸಲ ಲೆನ್ಸ್ ತೆಗೆದು ಹಾಕಿದೀನಿ, ಯಾರ್ದು ಅಂತ ಹೇಳೋದು. ಬಾಡಿ ನಂಬರ್ರೂ ಬಾಕ್ಸ್ ನಂಬರ್ರೂ ಒಂದೇ, ಎಕ್ಸಿಫ್‌ಟೂಲಲ್ಲಿ ಬಂದ ಸೀರಿಯಲ್ಲೂ ಅದೇ.

ಆದ್ರೆ ಮೆನು ತಿರುವ್ತಾ ಕಾಪಿರೈಟ್ ಮಾಹಿತಿ ಅನ್ನೋ ಕಡೆ ಹೋದ್ರೆ ಅಲ್ಲಿ "ಡೆಮೋ 2" ಅಂತ ಟೈಪ್ ಮಾಡಿದಾರೆ. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಫೇಡಾ ಪ್ರಿಯ
ಹಹ್ಹಹ್ಹಾ ಕಳ್ಳ ತನ್ನ ಹೆಸರ ಬರದಿಟ್ಟು ಹೋಗ್ಯಾನ. ಫೋಟೋ ಹೊಡ್ಕೊಂಡ ಇಟ್ಕೋರಿ, ಅಳಸಬ್ಯಾಡ್ರಿ ಮತ್ತ!

ಕತ್ತಲೆಕೋಣೆ
ಅಂದಾಜು ಸರಿ ಆಯ್ತು ಅಂತ ಖುಷಿ ಪಡೋ ಹಂಗೂ ಇಲ್ಲ. ಇನ್ನೊಂದು ನೋಡಿಬಿಡಿ, ಸೆಟಪ್ ಮೆನುವಿನಲ್ಲಿ ಬ್ಯಾಟರಿ ಇನ್ಫೋ. ಅದರಲ್ಲಿ ಬ್ಯಾಟರಿ ವಯಸ್ಸು ಅಂತ 0ಯಿಂದ 4ರವರೆಗೆ ತೋರಿಸುತ್ತೆ, ಹೊಸದಕ್ಕೆ 0.

ಬೆಣ್ಣೆದೋಸೆ
0 ಇದೆ ಸರ್.

ಕತ್ತಲೆಕೋಣೆ
ಹಾಗಾದ್ರೆ ಬ್ಯಾಟರಿ ಬೇರೆ ಹಾಕಿರ್ಬಹುದು, ಅಥವಾ ಅಷ್ಟು ಸವೆದಿರ್ಲಿಕ್ಕಿಲ್ಲ. 0 ಇದ್ರೆ ಏನೂ ಹೇಳಕ್ಕಾಗಲ್ಲ, 1 ಇದ್ರೆ ಮಾತ್ರ ಹೇಳ್ಬಹುದು.

ಲೆಕ್ಕದ ಪುಸ್ತಕ
ಕ್ಯಾಮೆರಾ ವಿಷಯ ನಂಗೆ ಬರಲ್ಲ, ಬಿಲ್ ವಿಷಯ ಬರುತ್ತೆ, ವೃತ್ತಿಯೇ ಅದು. ಎಲ್ಲರೂ ಗೀರು ನೋಡ್ತಿದೀರಿ, ಬಿಲ್ ಯಾರೂ ಕೇಳ್ಲಿಲ್ಲ. ಬಿಲ್‌ನಲ್ಲಿ ಏನೇನಿದೆ? ಸೀರಿಯಲ್ ನಂಬರ್ ಬರೆದಿದಾರಾ? ಜಿಎಸ್‌ಟಿ ನಂಬರ್ ಇದೆಯಾ? ಬಾಕ್ಸ್ ಮೇಲೆ ಎಂಆರ್‌ಪಿ ಸ್ಟಿಕ್ಕರ್ ಇದೆಯಾ?

ಬೆಣ್ಣೆದೋಸೆ
ಜಿಎಸ್‌ಟಿ ನಂಬರ್ ಇದೆ, 07ರಿಂದ ಶುರು. ಸೀರಿಯಲ್ ಇಲ್ಲ, ಬರೀ "ಕ್ಯಾಮೆರಾ ಕಿಟ್ 1 ನಗ" ಅಂತಿದೆ. ಎಂಆರ್‌ಪಿ ಸ್ಟಿಕ್ಕರ್ ಇದೆ. ವಾರಂಟಿ ಕಾರ್ಡ್ ಇದೆ, ಖಾಲಿ, ಸೀಲು ಸಹಿ ಏನೂ ಇಲ್ಲ.

ಲೆಕ್ಕದ ಪುಸ್ತಕ
07 ಅಂದ್ರೆ ದೆಹಲಿ. ನಮ್ಮದು 29. ಒಟ್ಟು 15 ಅಕ್ಷರ ಇರ್ಬೇಕು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಎಲ್ಲಾ ಬರುತ್ತೆ, ಲಾಗಿನ್ ಕೂಡ ಬೇಡ. ಡಿಜಿಟಲ್ ಕ್ಯಾಮೆರಾ ಮೇಲಿನ ತೆರಿಗೆ 2019ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳೀತು, ಲಕ್ಷದ ಮೇಲಿನ ಸಾಮಾನಿಗೆ ಹದಿನೆಂಟು ಪರ್ಸೆಂಟ್ ಸಣ್ಣದಲ್ಲ, "ಬಿಲ್ ಇಲ್ದೆ ತಗೊಂಡ್ರೆ ಕಮ್ಮಿ" ಅನ್ನೋ ಮಾತು ಹುಟ್ಟೋದೇ ಅಲ್ಲಿ.

ಸ್ಟಿಕ್ಕರ್ ಇರೋದು ಒಳ್ಳೇದು. ಹೊರಗಿಂದ ಬಂದ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರು ಕೊಡೋ ನಂಬರ್ ಇರ್ಲೇಬೇಕು ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಇದೆ. ಗ್ರೇ ಮಾರ್ಕೆಟ್ (ಕಂಪನಿಯ ಇಲ್ಲಿನ ವಿತರಕರ ಮೂಲಕ ಬಾರದೆ ಹೊರಗಿಂದ ತಂದು ಮಾರೋ) ಡಬ್ಬಿಗಳಲ್ಲಿ ಸಾಮಾನ್ಯವಾಗಿ ಅದೇ ಇರಲ್ಲ. ಸೋ ನಿಮ್ದು ಇಲ್ಲಿಗೇ ಅಂತ ಬಂದ ಮಾಲು ಇರ್ಬೇಕು, ಹೊಸದಲ್ಲ ಅಷ್ಟೇ.

ಆದ್ರೆ ಬಿಲ್‌ನಲ್ಲಿ ಸೀರಿಯಲ್ ಇಲ್ದಿರೋದು ನನ್ನ ಪ್ರಕಾರ 3,876ಕ್ಕಿಂತ ದೊಡ್ಡ ವಿಷಯ. ನಾಳೆ ಅವನು "ನಾನು ಕಳ್ಸಿದ್ದು ಬೇರೆ ಕ್ಯಾಮೆರಾ, ಇವ್ರು ತಮ್ಮ ಹಳೇದು ತೋರಿಸ್ತಿದಾರೆ" ಅಂದ್ರೆ ನೀವೇನು ತೋರಿಸ್ತೀರಿ?

ಬೆಣ್ಣೆದೋಸೆ
ಇದು ತಲೆಗೇ ಹೋಗಿರ್ಲಿಲ್ಲ. ಬಾಕ್ಸ್ ಒಡೆಯೋ ವಿಡಿಯೋ ಇದೆ, ಮಗಳು ಮೊಬೈಲಲ್ಲಿ ಮಾಡಿದ್ದು, ಅರ್ಧ ನನ್ನ ಹೊಟ್ಟೆ ಕಾಣುತ್ತೆ, ಆದ್ರೆ ಕೊರಿಯರ್ ಚೀಟಿ, ಬಾಕ್ಸಿನ ನಂಬರ್ ಕಾಣ್ಸುತ್ತೆ.

ಮರಳುಗಾಡಿನ ಕನ್ನಡಿಗ
ಹೊಟ್ಟೆ ಇದ್ರೂ ಪರ್ವಾಗಿಲ್ಲ, ವಿಡಿಯೋ ಬಂಗಾರ. ದುಬೈನಿಂದ ಒಂದು ಮಾತು, ಊರಿಗೆ ಬರೋವಾಗ ಎಲ್ರೂ ಕ್ಯಾಮೆರಾ ತಂದ್ಕೊಡು ಅಂತಾರೆ, ತರ್ತೀನಿ, ಆದ್ರೆ ವಾರಂಟಿ ಕಾರ್ಡಲ್ಲಿ ಯಾವ ದೇಶಕ್ಕೆ ಅನ್ವಯ ಅಂತ ಓದಿ ಹೇಳಿದ್ಮೇಲೇ ದುಡ್ಡು ಇಸ್ಕೊಳ್ಳೋದು. ಹೊಸದೇ ಆದ್ರೂ ಅಲ್ಲಿ ರಿಪೇರಿಗೆ ಹೋದಾಗ ಮುಖ ಬೇರೆ ಥರ ಆಗುತ್ತೆ. ನನ್ನ ರೂಮ್‌ಮೇಟ್ ಜಪಾನ್‌ಗೆ ಹೋಗಿದ್ದವನು ಅಲ್ಲಿನ ಲೋಕಲ್ ಸೋನಿ ತಂದ, ಮೆನು ಪೂರ್ತಿ ಜಪಾನೀಸು, ಇಂಗ್ಲಿಷೇ ಇಲ್ಲ. ಈಗ್ಲೂ ಚಿತ್ರ ನೋಡ್ಕೊಂಡು ಆಪರೇಟ್ ಮಾಡ್ತಾನೆ.

ಬೆಣ್ಣೆದೋಸೆ ಅವ್ರೇ, ಸೀರಿಯಲ್ ನಂಬರ್ ಕಂಪನಿ ಸೈಟಲ್ಲಿ ರಿಜಿಸ್ಟರ್ ಮಾಡೋಕೆ ಹೋಗಿ ನೋಡಿ. ಮೊದ್ಲೇ ಯಾರದ್ದೋ ಹೆಸರಲ್ಲಿದ್ರೆ ಅಲ್ಲೇ ತಡೆಯುತ್ತೆ.

ಬೆಣ್ಣೆದೋಸೆ
ತಡೀತು. "ಈಗಾಗಲೇ ನೋಂದಾಯಿಸಲಾಗಿದೆ." ಸರ್ವಿಸ್ ಸೆಂಟರ್‌ಗೆ ಫೋನ್ ಹಾಕಿದೆ, ಯಾರ ಹೆಸರು ಅಂತ ಹೇಳಲ್ಲ ಆದ್ರೆ ವಾರಂಟಿ ಆಗ್ಲೇ ಒಂದು ವರ್ಷ ಓಡಿಹೋಗಿದೆ ಅಂದ್ರು.

ಇತ್ತ ಸೆಲ್ಲರ್ ಈಗ ಹೊಸ ರಾಗ. ಕ್ಯಾಮೆರಾ ಇಟ್ಕೊಳ್ಳಿ, 9,000 ವಾಪಸ್ ಹಾಕ್ತೀನಿ, ರಿವ್ಯೂ ಮಾತ್ರ ಹಾಕ್ಬೇಡಿ ಅಂತ. ಏನ್ ಮಾಡ್ಲಿ?

ಬೆಂಗಳೂರು ಮಳೆ
ತಗೋ ಗುರು ಕಣ್ಮುಚ್ಕೊಂಡು. ಆ ಶಟರ್ 2,00,000 ಸಲ ಟೆಸ್ಟ್ ಮಾಡಿರೋದು, ಅದ್ರಲ್ಲಿ 3,876 ಅಂದ್ರೆ ಎರಡು ಪರ್ಸೆಂಟೂ ಇಲ್ಲ. 11 ಮೊದ್ಲೇ ಕಮ್ಮಿ, ಈಗ 9, ಒಟ್ಟು 20,000 ಉಳೀತು. ನೀನು ಒಂದೇ ಸೀಸನ್‌ನಲ್ಲಿ ಇದರ ಹತ್ತರಷ್ಟು ಹೊಡೀತೀಯ.

ಮಂಗಟ್ಟೆ
ಲೆಕ್ಕ ಸರಿ, ಆದ್ರೆ ಹೋದ ಒಂದು ವರ್ಷದ ವಾರಂಟಿ ಬೆಲೆ ಎಷ್ಟು? ಝಡ್ ಸಿಕ್ಸ್ ಟೂ ಮದರ್‌ಬೋರ್ಡ್ ಹೋದ್ರೆ 20,000 ಎಲ್ಲಿ ಸಾಕಾಗುತ್ತೆ. ಡೆಮೋ ಪೀಸ್ ತಗೋಬಾರದು ಅಂತ ನಾನು ಹೇಳಲ್ಲ, ನಾನೇ ಜೋಯಿಡಾ ಕಡೆ ಮಂಗಟ್ಟೆ ಹಕ್ಕಿ ಹಿಂದೆ ಅಲೆಯೋ ಲೆನ್ಸು ಡೆಮೋ ಪೀಸೇ. ಅದನ್ನ ಡೆಮೋ ಅಂತ ಬಿಲ್ ಹಾಕಿ, ಉಳಿದ ವಾರಂಟಿ ಬರೆದು ಕೊಟ್ಟಿದ್ರು. ಇವ್ರು ಬರೆದುಕೊಡ್ತಾರಾ ಕೇಳಿ.

ಕಡಲತಡಿ
ರಿವ್ಯೂ ಹಾಕ್ಬೇಡಿ ಅಂತ ಹೇಳಿದ ಅಲ್ಲಾ, ನಂಗೆ ಅಲ್ಲೇ ಸಿಟ್ಟು ಬಂದದ್ದು. ನಾಳೆ ಇನ್ನೊಬ್ಬನಿಗೆ ಡೆಮೋ 1 ಕಳ್ಸ್ತಾನೆ.

ಬೆಣ್ಣೆದೋಸೆ
ಬರೆದುಕೊಡಿ ಅಂದೆ. ಉತ್ತರ ಇಲ್ಲ. ಫೋನ್ ಎತ್ತಲ್ಲ. ಭಾನುವಾರದ ಮದುವೆ ಡಿ750ರಲ್ಲೇ ಮುಗ್ಸಿದೆ, ಇದನ್ನ ಡಬ್ಬಿಯಿಂದ ತೆಗೆದೇ ಇಲ್ಲ.

ಲೆಕ್ಕದ ಪುಸ್ತಕ
1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ದೂರಿನ ನಂಬರ್ ಕೊಡ್ತಾರೆ, ಆ ನಂಬರನ್ನ ಸೆಲ್ಲರ್‌ಗೂ ಮಾರಾಟದ ಸೈಟಿಗೂ ಮೇಲ್ ಮಾಡಿ. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಅವನು ದೆಹಲೀಲಿ ಇದಾನೆ ಅಂತ ಹೆದರ್ಬೇಡಿ, 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ದಾವಣಗೆರೆಗೆ ಅವನೇ ಬರ್ಬೇಕು. 5 ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕ್ಬೇಕು. ವಕೀಲರು ಕಡ್ಡಾಯ ಅಲ್ಲ. ಶಟರ್ ಕೌಂಟ್ ಬಂದ ಸ್ಕ್ರೀನ್‌ಶಾಟ್, ಆ ಮೂಲ ಫೈಲು, "ಡೆಮೋ 2" ಫೋಟೋ, ರಿಜಿಸ್ಟ್ರೇಷನ್ ತಡೆದ ಪೇಜು, 9,000ದ ಮೆಸೇಜು ಎಲ್ಲಾ ಒಂದು ಫೋಲ್ಡರ್‌ಗೆ ಹಾಕಿ. ಆ 9,000ದ ಮೆಸೇಜ್ ಒಂದೇ ಸಾಕು ನಿಜ ಹೇಳ್ಬೇಕಂದ್ರೆ, ತಪ್ಪಿಲ್ದೆ ಯಾರು ದುಡ್ಡು ಕೊಡ್ತಾರೆ.

ಬೆಣ್ಣೆದೋಸೆ (ಹದಿನೈದು ದಿನ ಆದ್ಮೇಲೆ)
ಎಲ್ರಿಗೂ ಅಪ್‌ಡೇಟ್. ದೂರಿನ ನಂಬರ್ ಮೇಲ್ ಹಾಕಿದ ಮೂರನೇ ದಿನ ಪಿಕಪ್ ಬಂತು, ಒಂಬತ್ತನೇ ದಿನ ಪೂರ್ತಿ ದುಡ್ಡು ಬಂತು. ಕೊರಿಯರ್ ಹುಡುಗನ ಮುಂದೆ ಕ್ಯಾಮೆರಾ ಸೀರಿಯಲ್ ವಿಡಿಯೋ ಮಾಡ್ಕೊಂಡೇ ಕೊಟ್ಟೆ, ಅವನು ನನ್ನ ಮುಖ ನೋಡಿ ಏನ್ ಸರ್ ಪೊಲೀಸಾ ಅಂದ.

ಆಮೇಲೆ ಹುಬ್ಬಳ್ಳಿಗೆ ಹೋಗಿ ಅಂಗಡಿಯಲ್ಲೇ ತಗೊಂಡೆ. ಆನ್‌ಲೈನ್‌ಗಿಂತ 8,000 ಜಾಸ್ತಿ ಆಯ್ತು. ಹೊಸ ಕಾರ್ಡ್ ಜೇಬಲ್ಲಿ ಇಟ್ಕೊಂಡೇ ಹೋಗಿದ್ದೆ, ಲ್ಯಾಪ್‌ಟಾಪ್ ಹಿಡ್ಕೊಂಡು ಅಳಿಯನೂ ಬಂದಿದ್ದ. ಅಂಗಡಿಯವ್ರು ಮೊದ್ಲು ಸ್ವಲ್ಪ ಮುಖ ಗಂಟಿಕ್ಕಿದ್ರು, ಆಮೇಲೆ ಅವ್ರಿಗೂ ಕುತೂಹಲ, ಬನ್ನಿ ನೋಡೋಣ ಅಂತ ಚಾ ತರ್ಸಿದ್ರು. ಫೈಲ್ ಹೆಸ್ರು ಡಿಎಸ್‌ಸಿ_0001, ಕೌಂಟ್ 14. ಬಿಲ್‌ನಲ್ಲಿ ಬಾಡಿದೂ ಲೆನ್ಸಿಂದೂ ಎರಡೂ ಸೀರಿಯಲ್ ಬರ್ಸಿದೀನಿ, ವಾರಂಟಿ ಕಾರ್ಡಿಗೆ ಸೀಲು, ಅಲ್ಲೇ ಕೂತು ರಿಜಿಸ್ಟ್ರೇಷನ್. ಹೆಂಡ್ತಿ ಇದನ್ನೆಲ್ಲಾ ಕೇಳಿ ಇಷ್ಟು ಪರೀಕ್ಷೆ ನನ್ನನ್ನ ನೋಡೋಕೆ ಬಂದಾಗ್ಲೂ ಮಾಡಿರ್ಲಿಲ್ಲ ಅಂದ್ಳು.

ಅಂದಹಾಗೆ ಲ್ಯಾಪ್‌ಟಾಪ್ ತೆಗೆದಿದ್ವಲ್ಲ ಅಂತ ಹಳೇ ಡಿ750ದೂ ನೋಡಿಬಿಟ್ವಿ. 2,11,640.

ಕತ್ತಲೆಕೋಣೆ
ಅದರ ಶಟರ್‌ಗೆ ಕಂಪನಿ ಹೇಳಿದ್ದು 1,50,000. ಅರವತ್ತು ಸಾವಿರ ಸಾಲದಲ್ಲಿ ಓಡ್ತಿದೆ. ಮಾರಬೇಡಿ, ಬ್ಯಾಗಲ್ಲಿ ಎರಡನೇದಾಗಿ ಇರ್ಲಿ.

ಬೆಂಗಳೂರು ಮಳೆ
ಮಾರೋದಾದ್ರೆ ಹೇಳಿ, ದೆಹಲಿ ಸೆಲ್ಲರ್ ತಗೋತಾನೆ. ಕಾಪಿರೈಟಲ್ಲಿ "ಡೆಮೋ 3" ಅಂತ ನೀವೇ ಟೈಪ್ ಮಾಡ್ಕೊಡಿ, ಅವನಿಗೆ ಕೆಲ್ಸ ಉಳಿಯುತ್ತೆ.